ಎರಡು ಬಾಗಿಲಿನ ಬೋನು

ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಾತ್ರೆಯ ಪಕ್ಕ ಚಿರತೆಯ ರಕ್ತ ಇಟ್ಟಿದ್ದೇನೆಂದು ಅತ್ತೆಗೆ ನಾನೇ ಹೇಳಿದೆ. ಹೇಳದಿದ್ದರೆ ಅದನ್ನು ನನ್ನ ಟಾನಿಕ್ ಎಂದುಕೊಂಡು, ರಾತ್ರಿ ಊಟವಾದ ಮೇಲೆ ಚಮಚದೊಂದಿಗೆ ತಂದು ನಿಲ್ಲುತ್ತಿದ್ದರು.

"ಯಾರದ್ದು?" ಎಂದರು.

"ನಿನ್ನೆ ನಮ್ಮ ಪಾರ್ಕಿಂಗಿಗೆ ಬಂದಿದ್ದನಲ್ಲ ಮಾಮಿ, ಅವನದ್ದು. ಇವತ್ತು ಭಾನುವಾರ, ಲ್ಯಾಬ್ ಮುಚ್ಚಿದೆ. ನಾಳೆ ಬೆಳಿಗ್ಗೆ ತಗೊಂಡು ಹೋಗ್ತೇನೆ."

ಅತ್ತೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಪಾಪ. ಅವನ ಬರಿ ಯಾವುದಂತೆ?"

ನಮ್ಮ ತುಳುವರಲ್ಲಿ ಮನುಷ್ಯನಿಗೆ ಮೂಲ ಬರುವುದು ತಾಯಿಯಿಂದ. ಅದನ್ನೇ ಬರಿ ಎನ್ನುತ್ತೇವೆ. ಒಂದೇ ಬರಿಯವರು ಅಣ್ಣತಂಗಿಯರಿದ್ದ ಹಾಗೆ, ಅವರೊಳಗೆ ಮದುವೆ ಇಲ್ಲ. ಅತ್ತೆಯ ಬಾಯಲ್ಲಿ ಈ ಪ್ರಶ್ನೆ ಆಗಾಗ ಬರಲು ಕಾರಣವಿತ್ತು. ನನ್ನ ಗಂಡ ಪ್ರಶಾಂತ ತೀರಿಹೋಗಿ ಎರಡು ವರ್ಷವಾಗಿತ್ತು. ಆ ವರ್ಷದ ಯುಗಾದಿಯಿಂದ ಅವರು ನನಗೆ ಗಂಡು ಹುಡುಕಲು ತೊಡಗಿದ್ದರು. ಮಾಟುಂಗದ ತುಳುವರ ಸಂಘಕ್ಕೆ ಹೋದಾಗಲೆಲ್ಲ ಪರ್ಸಿನಲ್ಲಿ ಒಂದು ಚೀಟಿ ತರುತ್ತಿದ್ದರು. ಹೆಸರು, ಕೆಲಸ, ಬರಿ. ಸೊಸೆಗೆ ಅತ್ತೆಯೇ ವರ ಹುಡುಕುವುದನ್ನು ಕಂಡು ಬಿಲ್ಡಿಂಗಿನ ಹೆಂಗಸರಿಗೆ ಬಹಳ ಸಂತೋಷ. ನಾನು ಅಡ್ಡ ಬರುತ್ತಿರಲಿಲ್ಲ, ನೆರವಾಗುತ್ತಲೂ ಇರಲಿಲ್ಲ. ಚೀಟಿಗಳನ್ನು ಗ್ಯಾಸ್ ಪುಸ್ತಕದೊಳಗೆ ಇಡುತ್ತಿದ್ದೆ.

ನಮ್ಮದು ಕಾಂದಿವಲಿ ಪೂರ್ವದ ಕೊನೆಯ ಬಿಲ್ಡಿಂಗ್. ಹಿಂದಿನ ಗೋಡೆಯಾಚೆ ಕಾಡು. ಶನಿವಾರ ಬೆಳಿಗ್ಗೆ ಒಂದು ಗಂಡು ಚಿರತೆ ಗೋಡೆ ಹಾರಿ ಬಂದು, ಸೊಸೈಟಿಯ ಸೆಕ್ರೆಟರಿ ಧನರಾಜ್ ಅವರ ಕಾರಿನ ಹಿಂದೆ ಮಲಗಿಬಿಟ್ಟಿತು. ಧನರಾಜ್ ಅವರಿಗೆ ಫೋರ್ಟ್ ಪ್ರದೇಶದಲ್ಲಿ ಹೋಟೆಲಿದೆ, ಅಲ್ಲಿಗೆ ಹೊರಟವರು. ಡಿಕ್ಕಿ ತೆರೆಯಲು ಹೋಗಿ, ಬಾಲ ಕಂಡು, ಆಮೇಲೆ ಅವರು ಕಂಡದ್ದು ಟೆರೇಸಿನ ನೀರಿನ ಟ್ಯಾಂಕಿನ ಮೇಲೆ. ಏಳು ಮಾಳಿಗೆ ಹೇಗೆ ಹತ್ತಿದರೆಂದು ಅವರಿಗೂ ನೆನಪಿಲ್ಲ. ಲಿಫ್ಟ್ ಅಂತೂ ಆ ದಿನ ಕೆಟ್ಟಿತ್ತು.

ಬೋನು ತಂದವನು ಮುಕ್ತಾರ. ಅವನು ವಿಜಯಪುರದ ಕಡೆಯವನು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನ ವೆಲ್ಡಿಂಗ್ ಶಾಪ್. ಕಿಟಕಿಯ ಗ್ರಿಲ್, ಮೆಟ್ಟಿಲಿನ ರೇಲಿಂಗ್, ಜತೆಗೆ ಅರಣ್ಯದವರಿಗೆ ಬೋನುಗಳು. ಅವನ ಬೋನುಗಳಿಗೆ ಎರಡು ಬಾಗಿಲು, ಮುಂದೊಂದು, ಹಿಂದೊಂದು. ಒಳಗೆ ಹೋದ ಪ್ರಾಣಿ ತಿರುಗಿ ನಿಲ್ಲಬೇಕಾಗಿಲ್ಲ, ನೇರ ಆಚೆ ಹೋಗಬೇಕು. ಒಂದೇ ಬಾಗಿಲಿಟ್ಟರೆ ಕಬ್ಬಿಣ ಉಳಿಯುತ್ತದೆ ಎಂದು ಯಾರು ಹೇಳಿದರೂ ಅವನು ಕೇಳುವುದಿಲ್ಲ. ಚಿರತೆಯನ್ನು ಗುಡ್ಡದಾಚೆಯ ಆಶ್ರಯಕೇಂದ್ರಕ್ಕೆ ಸಾಗಿಸಿದವನೂ ಅವನೇ, ಅಲ್ಲಿನ ಡಾಕ್ಟರು ತೆಗೆದ ರಕ್ತವನ್ನು ಐಸ್ ಡಬ್ಬಿಯಲ್ಲಿ ನನಗೆ ತಲುಪಿಸಿದವನೂ ಅವನೇ.

ಟ್ಯಾಂಕಿನಿಂದ ಇಳಿದ ಧನರಾಜ್ ಮೊದಲು ಮಾಡಿದ ಕೆಲಸ ಅರ್ಜಿ ಬರೆದದ್ದು. ಈ ಚಿರತೆಗೆ ಬಿಲ್ಡಿಂಗಿನ ರುಚಿ ಹತ್ತಿದೆ, ಇದನ್ನು ಜೀವನಪೂರ್ತಿ ಬೋನಿನಲ್ಲಿಡಬೇಕು. ಕೆಳಗೆ ನೂರ ಹನ್ನೆರಡು ಸಹಿ. ಅರಣ್ಯ ಕಚೇರಿಯವರು ಕಾಡುಪ್ರಾಣಿಗಳ ಜೀನ್ ಪರೀಕ್ಷಿಸುವ ನಮ್ಮ ಲ್ಯಾಬಿಗೆ ಕೇಳಿದರು: ಈ ಕಾಡಿನಲ್ಲಿ ಗಂಡುಗಳು ಸಾಕಷ್ಟಿವೆ. ಇದರಿಂದ ಕಾಡಿಗೆ ಹೊಸದೇನಾದರೂ ಇದ್ದರೆ ಬಿಡುತ್ತೇವೆ, ಇಲ್ಲದಿದ್ದರೆ ಇಲ್ಲ. ಹತ್ತು ದಿನದೊಳಗೆ ಹೇಳಿ.

ಹೊಸದು ಎಂದರೆ ಏನೆಂದು ಅತ್ತೆಗೆ ದೋಸೆ ತಿನ್ನುತ್ತಾ ವಿವರಿಸಿದೆ.

"ದೇಹದ ಗೇಟಿನಲ್ಲಿ ಕೆಲವು ವಾಚ್‌ಮ್ಯಾನ್‌ಗಳಿದ್ದಾರೆ ಅಂದ್ಕೊಳ್ಳಿ, ಮಾಮಿ. ಒಬ್ಬೊಬ್ಬನಿಗೆ ಕೆಲವು ಕಳ್ಳರ ಮುಖ ಮಾತ್ರ ಗೊತ್ತು. ಗೊತ್ತಿದ್ದ ಕಳ್ಳ ಬಂದ್ರೆ ಸೀಟಿ ಊದ್ತಾನೆ. ಗೊತ್ತಿಲ್ಲದವ ಬಂದ್ರೆ ಸಲಾಂ ಹೊಡೆದು ಒಳಗೆ ಬಿಡ್ತಾನೆ."

"ನಮ್ಮ ಬಿಲ್ಡಿಂಗಿನವ ಎಲ್ಲರಿಗೂ ಸಲಾಂ ಹೊಡೆಯುದು. ಶನಿವಾರ ಚಿರತೆಗೂ ಹೊಡೆದಿರ್ಬೇಕು."

"ಹೊಡೆದಿರಬಹುದು. ಈ ವಾಚ್‌ಮ್ಯಾನ್‌ಗಳನ್ನು ಇಡುವ ಜೀನ್‌ಗಳುಂಟು. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಬೇರೆ ಬೇರೆ ನಮೂನೆ ಇದ್ದಷ್ಟೂ ಒಳ್ಳೆಯದು. ನಮ್ಮ ಕಾಡಿಗೆ ಮೂರು ಕಡೆ ಬಿಲ್ಡಿಂಗ್, ಒಂದು ಕಡೆ ಖಾಡಿಯ ಹಿನ್ನೀರು. ಹೊರಗಿನವರು ಬರುವುದೇ ಅಪರೂಪ. ಇದ್ದವರ ಮಕ್ಕಳು ಇದ್ದವರನ್ನೇ ಕಟ್ಟಿಕೊಂಡು ಎಲ್ಲರ ಮನೆಯಲ್ಲೂ ಅದೇ ವಾಚ್‌ಮ್ಯಾನ್. ಬೀದಿನಾಯಿಗಳಿಂದ ಒಂದು ಹೊಸ ಕಾಯಿಲೆ ಬಂತೋ, ಅವನಿಗೆ ಗೊತ್ತಿಲ್ಲದ್ದು, ಇಡೀ ಕಾಡು ಖಾಲಿ. ನಮೂನೆ ಬೇರೆ ಬೇರೆ ಇದ್ರೆ ಕೆಲವರಾದ್ರೂ ಉಳೀತಾರೆ. ಉಳಿದವರ ಮಕ್ಕಳಿಗೆ ಆ ವಾಚ್‌ಮ್ಯಾನ್ ಸಿಗ್ತಾನೆ."

"ಯಾರು ಉಳಿಯಬೇಕು ಅಂತ ಆರಿಸುದು ಯಾರು?"

"ಯಾರೂ ಇಲ್ಲ. ಕಾಯಿಲೆ ಬಂದು ಹೋದ ಮೇಲೆ ಎಣಿಸಿ ನೋಡುವುದು, ಅಷ್ಟೆ."

ಅತ್ತೆ ಇನ್ನೊಂದು ದೋಸೆ ಹಾಕಿದರು. "ಹೆಣ್ಣು ಚಿರತೆ ಎಲ್ಲಿಗೆ ಹೋಗ್ತದೆ, ದೊಡ್ಡದಾದ ಮೇಲೆ?"

"ಹೆಚ್ಚಾಗಿ ತಾಯಿಯ ಜಾಗದ ಹತ್ತಿರವೇ ಇರ್ತದೆ. ಗಂಡುಮಕ್ಕಳು ಜಾಗ ಬಿಟ್ಟು ಹೋಗ್ತಾರೆ."

"ಹಾಗಾದ್ರೆ ಅವು ನಮ್ಮವೇ ಮಾರಾಯ್ತಿ!" ಅತ್ತೆಗೆ ಖುಷಿಯಾಯಿತು. "ಮನೆ ಹೆಣ್ಣುಮಕ್ಕಳಿಗೆ, ಗಂಡಸರು ಹೊರಗೆ. ಅಳಿಯಕಟ್ಟು! ನೀನು ಸುಮ್ನೆ ತಾಯಿ ಬರಿ ನೋಡು, ಗೊತ್ತಾಗ್ತದೆ."

ನಾನು ಅದನ್ನೇ ಮಾಡಿದೆ.

ತಾಯಿಯ ಗೆರೆಯನ್ನು ನೋಡುವ ಪರೀಕ್ಷೆ ಸುಲಭ, ಬೇಗ ಮುಗಿಯುತ್ತದೆ. ಅದು ತಾಯಿಯಿಂದ ಮಗುವಿಗೆ, ಆ ಮಗು ಹೆಣ್ಣಾದರೆ ಅವಳ ಮಗುವಿಗೆ, ಹಾಗೇ ಇಳಿಯುತ್ತದೆ. ತಂದೆಯ ಸುದ್ದಿ ಅದರಲ್ಲಿಲ್ಲ. ವಾಚ್‌ಮ್ಯಾನ್ ಜೀನ್‌ಗಳದ್ದು ದೊಡ್ಡ ಕೆಲಸ, ಇನ್ನೂ ನಾಲ್ಕೈದು ದಿನ ಬೇಕು. ಗುರುವಾರ ಮೊದಲನೆಯದು ಬಂತು. ನಮ್ಮಲ್ಲಿ ಈ ಕಾಡಿನ ಮೂವತ್ನಾಲ್ಕು ಚಿರತೆಗಳ ವಿವರವಿದೆ, ನಾಲ್ಕು ವರ್ಷ ಹಿಕ್ಕೆ ಆರಿಸಿ ಕೂಡಿಸಿದ್ದು. ಅದರಲ್ಲಿ ಹತ್ತೊಂಬತ್ತರದ್ದು ಇವನದೇ ಗೆರೆ. ಒಂದೇ ಮನೆ, ಒಂದೇ ಬರಿ, ಇವನಲ್ಲಿ ಹೊಸದೇನೂ ಇಲ್ಲ ಎಂದು ನನ್ನ ತಲೆ ತಾನಾಗಿ ಹೇಳಿತು. ನಮ್ಮ ಮುಖ್ಯಸ್ಥೆ ರೂಪಾಲಿ ಮೇಡಂ ಪುಣೆಗೆ ಹೋಗಿದ್ದರು. ಅವರನ್ನು ಕೇಳದೆ, ಒಂದೂವರೆ ಪುಟ ಬರೆದು ಕಚೇರಿಗೆ ಕಳಿಸಿಬಿಟ್ಟೆ. ಸ್ಥಳೀಯ ಗಂಡು, ವಿಶೇಷವೇನಿಲ್ಲ.

ಆ ವರ್ಷ ನನ್ನ ಕೆಲಸಗಳೆಲ್ಲ ಬೇಗ ಮುಗಿಯುತ್ತಿದ್ದವು. ಹೆಚ್ಚು ಯೋಚಿಸದೆ ಮಾಡಿದರೆ ಬೇಗ ಮುಗಿಯುತ್ತದೆ.

ಭಾನುವಾರ ಬೆಳಿಗ್ಗೆ ಮುಕ್ತಾರ ಬಂದ. ಕೈಯಲ್ಲಿ ಅಳತೆ ಟೇಪು. ಚಪ್ಪಲಿ ಬಿಡುವಾಗಲೇ ಕೇಳಿದ.

"ಏನ್ರೀ ಮೇಡಂ, ಅಂಥಾದ್ದೇನ ಬರದೀರಿ?"

"ಯಾಕೆ?"

"ಆಫೀಸಿನಾಗಿಂದ ಫೋನ್ ಬಂದಿತ್ತು. ಇಪ್ಪತ್ತ ಫೂಟ ಉದ್ದ, ಹದಿನೈದ ಅಗಲ, ಪರ್ಮನೆಂಟ ಪಿಂಜರಾ. ಒಂದ ಬಾಗಿಲ ಸಾಕಂತ. ಬುಧವಾರ ಮೀಟಿಂಗ್ ಐತಿ, ಅದರಾಗ ಪಾಸ್ ಮಾಡ್ತಾರಂತ. ನಾ ಹೇಳಿದ್ನಿ, ಟೇಪ ಕಳದೈತಿ, ಹುಡುಕಿ ಹೇಳ್ತೀನಿ ಅಂತ."

"ಕೈಯಲ್ಲಿ ಉಂಟಲ್ಲ," ಎಂದರು ಅತ್ತೆ.

"ಈಗ ಸಿಕ್ತರಿ ಮೌಶಿ." ಅವನು ಟೇಪನ್ನು ಕಿಸೆಗೆ ಹಾಕಿಕೊಂಡು ಕುಳಿತ. "ನನ್ನ ಪಿಂಜರಾದಾಗ ಇವತ್ತಿನ ತನಕ ಹೋದವು ಎಲ್ಲಾ ಹೊರಗ ಬಂದಾವ. ಇಂವಗ ನಾನ ಹೇಳೀನಿ, ಕೋಳಿ ತಿನ್ನಪಾ, ಒಂದ ರಾತ್ರಿ ಮಾತು, ಮುಂಜಾನೆ ಬಿಡ್ತಾರ ಅಂತ. ಮಾತ ಕೊಟ್ಟೀನ್ರಿ."

"ಚಿರತೆಗೆ ಮಾತು ಕೊಟ್ಯಾ? ಯಾವ ಭಾಷೆಯಲ್ಲಿ ಮಾರಾಯ?"

"ಕನ್ನಡದಾಗ. ಮರಾಠಿ ಅಂವಗ ಬರ್ತೈತಿ, ನನಗ ಬರೂದಿಲ್ಲ."

ನಾನು ಬರೆದದ್ದನ್ನು ಹೇಳಿದೆ. ಅತ್ತೆ ಚಹಾ ತಂದಿಡುತ್ತಾ ನನ್ನ ಪರ ನಿಂತರು. "ಅವಳು ಸರಿಯಾಗೇ ಬರೆದದ್ದು. ಬರಿ ಒಂದೇ ಉಂಟು. ಇಲ್ಲಿಯ ಹೆಣ್ಣುಗಳೆಲ್ಲ ಅವನಿಗೆ ತಂಗಿಯರ ಲೆಕ್ಕ. ಮುಗೀತು."

ಮುಕ್ತಾರ ಬಸಿಗೆ ಚಹಾ ಸುರಿದುಕೊಂಡ. "ಮೌಶಿ, ಒಂದ ಕೇಳಲ್ಯಾ? ಅಂವಗ ಅಪ್ಪ ಅದಾನೋ ಇಲ್ಲೋ?"

"ಅಪ್ಪನಿಗೆ ಎಂತ? ಬರಿ ಅಮ್ಮನದ್ದು."

"ಹಂಗಂದ್ರ ನಿಮ್ಮಾಗ ಅಪ್ಪ ಅನ್ನಾಂವ ಬಾಡಿಗಿ ಮನುಷ್ಯಾನ? ಬಂದ, ಇದ್ದ, ಹ್ವಾದ?"

"ಮತ್ತೆ ನಿಮ್ಮಲ್ಲಿ? ಕಾಕನ ಮಗಳನ್ನೇ ಕಟ್ಟಿಕೊಳ್ತೀರಿ. ನಿನ್ನ ಹೆಂಡತಿ ಅಜೀಜಾಬಿ ಕಾಕನ ಮಗಳೇ ಅಲ್ವಾ?"

"ಹೌದ್ರಿ. ಅದಕ್ಕ ಜಗಳ ಆದ್ರ ತವರಮನಿಗೆ ಹೋಗ್ತೀನಿ ಅನ್ನಂಗಿಲ್ಲ ಆಕಿ. ತವರಮನಿ ನಮ್ಮನೀನ." ಅವನು ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ನಾ ಕಲಿತಾಂವ ಅಲ್ರಿ ಮೇಡಂ. ಆದ್ರ ಆ ವಾಚ್‌ಮನ್ ಅರ್ಧ ಅಪ್ಪನ ಕಡಿಂದ ಬರ್ತಾನ ಅಂತ ಐಸ್ ಡಬ್ಬಿ ಕೊಡಾಕ ಬಂದಾಗ ನೀವ ಹೇಳಿದ್ರಿ. ಅಪ್ಪನ ಕಡಿ ಕೇಳದ ಹೆಂಗ ಬರದ್ರಿ?"

ಅತ್ತೆ ಏನಾದರೂ ಹೇಳುತ್ತಾರೆಂದು ಅವರ ಮುಖ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಅಲ್ಲಿ ಪ್ರಶಾಂತನ ಫೋಟೋ ಇದೆ, ಅದರ ಪಕ್ಕ ಮಾವ ಕಾಂತಪ್ಪನವರದ್ದು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಒಂದೇ ವಾರ ಮನೆಯ ಮೂವರಿಗೂ ಜ್ವರ ಬಂತು. ಒಂದೇ ಜ್ವರ, ಒಂದೇ ಡಾಕ್ಟರು. ಅತ್ತೆ ನಾಲ್ಕನೆಯ ದಿನ ಎದ್ದು ಗಂಜಿ ಮಾಡಿದರು. ನಾನು ಏಳನೆಯ ದಿನ ಎದ್ದೆ. ಪ್ರಶಾಂತ ಏಳಲಿಲ್ಲ. ಅವನಿಗೂ ಅತ್ತೆಗೂ ಬರಿ ಒಂದೇ.

ಯಾಕೆ ಹಾಗಾಯಿತೆಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆದರೆ ತಾಯಿಯ ಗೆರೆ ಒಂದೇ ಆದ ಮಾತ್ರಕ್ಕೆ ಒಳಗಿರುವುದೆಲ್ಲ ಒಂದೇ ಎಂದು ಬರೆಯಬಾರದವಳು ಯಾರಾದರೂ ಇದ್ದರೆ ಅದು ನಾನು.

ಅತ್ತೆ ಬಸಿಗಳನ್ನು ಎತ್ತಿಕೊಂಡರು. "ಕಳಿಸಿದ ಕಾಗದ ವಾಪಸ್ ತಗೊಳ್ಳಲಿಕ್ಕೆ ಆಗುದಿಲ್ವಾ, ಯಕ್ಷಿತಾ?"

"ನಾಚಿಕೆ ಆಗ್ತದೆ ಮಾಮಿ."

"ಆಗಲಿ. ನಾಚಿಕೆಯಾಗಿ ಯಾರೂ ಸತ್ತದ್ದಿಲ್ಲ."

ಮುಕ್ತಾರ ಏಳುತ್ತಾ ಹೇಳಿದ, "ಬುಧವಾರ ತನಕ ನನ್ನ ಟೇಪ ಮತ್ತ ಕಳದಿರ್ತೈತಿ ಮೇಡಂ. ನೀವು ನೋಡ್ರಿ."

ಸೋಮವಾರ ರೂಪಾಲಿ ಮೇಡಂ ಮುಂದೆ ನಿಂತು ಹೇಳಿದೆ. ಅವರು ಬೈಯಲಿಲ್ಲ. ನನ್ನ ವರದಿಯನ್ನು ಓದಿ, ಕನ್ನಡಕ ತೆಗೆದು, ಮದುವೆ ದಲ್ಲಾಳಿಯೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾನೆ ಎಂದರು. ಈ ತಾಯಿಗೆರೆ ಖಾಡಿಯಾಚೆಯ ಕಾಡುಗಳಲ್ಲೂ ಇದೆ, ಅದರಿಂದ ಯಾರು ಎಲ್ಲಿಯವರೆಂದು ಹೇಳಲಾಗದು ಎಂದು ಹೋದ ವರ್ಷ ನನಗೆ ಪಾಠ ಮಾಡಿದ್ದನ್ನೂ ನೆನಪಿಸಿದರು. ಆಮೇಲೆ ಕಚೇರಿಗೆ ತಾವೇ ಫೋನು ಮಾಡಿ, ವರದಿ ಅರ್ಧ ಮಾತ್ರ ಬಂದಿದೆ, ಉಳಿದರ್ಧ ಬುಧವಾರ ಎಂದರು. ನನ್ನ ತಪ್ಪು ಅವರ ಬಾಯಲ್ಲಿ ಅರ್ಧ ವರದಿಯಾಯಿತು.

ಎರಡು ದಿನ ನಾನು ಲ್ಯಾಬಿನಲ್ಲೇ ಇದ್ದೆ. ಮಂಗಳವಾರ ಸಂಜೆ ಫಲಿತಾಂಶ ಬಂತು. ನಾವು ನೋಡುವ ಆ ರೋಗನಿರೋಧಕ, ಅಂದರೆ ವಾಚ್‌ಮ್ಯಾನ್, ಜೀನ್‌ಗಳ ಐದು ನಮೂನೆಗಳು ಅವನಲ್ಲಿದ್ದವು. ಎರಡು ಈ ಕಾಡಿನಲ್ಲಿ ಎಲ್ಲರಲ್ಲೂ ಇರುವಂಥವು. ಮೂರು, ನಮ್ಮ ಮೂವತ್ನಾಲ್ಕರಲ್ಲಿ ಒಂದರಲ್ಲೂ ಇಲ್ಲ. ಅಂಕಿಗಳನ್ನು ಎರಡು ಸಲ ನೋಡಿದೆ, ಮೂರನೆಯ ಸಲ ಮೇಡಂಗೆ ತೋರಿಸಿದೆ. ಅವರು ಕ್ಯಾಂಟೀನಿನಿಂದ ವಡಾಪಾವ್ ತರಿಸಿದರು. ನಾನು ಎರಡು ತಿಂದೆ. ಹಸಿವಾಗಿತ್ತೆಂದು ತಿಂದ ಮೇಲೆ ಗೊತ್ತಾಯಿತು.

ಎರಡನೆಯ ವರದಿ ಮುಕ್ಕಾಲು ಪುಟ. ಇವನ ತಂದೆ ಯಾರೆಂದು ಹೇಳಲಾರೆವು, ಎಲ್ಲಿಂದ ಬಂದನೆಂದೂ ಹೇಳಲಾರೆವು. ಆದರೆ ಈ ಕಾಡಿನಲ್ಲಿ ಇಲ್ಲದ ಮೂರು ನಮೂನೆ ಇವನ ಬಳಿ ಇವೆ. ಇವನಿಗೆ ಮರಿಗಳಾದರೆ ಆ ನಮೂನೆಗಳು ಇಲ್ಲಿ ಉಳಿಯುತ್ತವೆ, ಬೋನಿನಲ್ಲಿಟ್ಟರೆ ಇವನ ಜತೆ ಮುಗಿಯುತ್ತವೆ. ಹಿಂದಿನ ವರದಿಯಲ್ಲಿ ನಾನು ತಾಯಿಯ ಕಡೆ ಮಾತ್ರ ನೋಡಿದ್ದೆ, ಅದು ತಪ್ಪು.

ಬುಧವಾರದ ಸಭೆಗೆ ಧನರಾಜ್ ಅವರನ್ನೂ ಕರೆದಿದ್ದರು. ಅವರು ಹೊರಡುವ ಮೊದಲು ಅತ್ತೆ ಲಿಫ್ಟಿನ ಬಳಿ ಅವರನ್ನು ಹಿಡಿದರು. ನಾನು ಫೈಲು ಹಿಡಿದುಕೊಂಡು ಹಿಂದೆ ನಿಂತಿದ್ದೆ.

"ಧನರಾಜ, ಅವನು ಪಾರ್ಕಿಂಗಿನಲ್ಲಿ ಮಲಗಿದ್ದು ಬಿಟ್ರೆ ಬೇರೆ ಎಂತ ಮಾಡಿದ?"

"ಎಂತ ಮಾಡ್ಬೇಕಿತ್ತು ಸೇವಂತಿಯಕ್ಕ? ನನ್ನನ್ನು ತಿನ್ಬೇಕಿತ್ತಾ?"

"ತಿಂದನಾ? ಇಲ್ಲ. ಊರಿಂದ ಹೊಸದಾಗಿ ಬಂದವರಿಗೆ ಮಲಗಲಿಕ್ಕೆ ಜಾಗ ಎಲ್ಲಿ ಅಂತ ಗೊತ್ತಿರುದಿಲ್ಲ. ನೀನು ಬಂದಾಗ ಮಾಟುಂಗದಲ್ಲಿ ನಮ್ಮವರ ಹೋಟೆಲಿನ ಮೆಟ್ಟಿಲ ಕೆಳಗೆ ಮಲಗ್ತಿದ್ದಿ. ಗೋಣಿ ಹೊದ್ದುಕೊಂಡು. ಪಾರ್ಸಿ ಮುದುಕಿ ನಿನ್ನನ್ನು ನೋಡಿ ಕಿರಿಚಿದ್ದು ನೆನಪುಂಟಾ?"

"ಅದು ಬೇರೆ ಅಕ್ಕ."

"ಹೌದು ಬೇರೆ. ನಿನ್ನನ್ನು ಯಾರೂ ಬೋನಿಗೆ ಹಾಕ್ಲಿಲ್ಲ."

ಲಿಫ್ಟ್ ಬಂತು. ಧನರಾಜ್ ಒಳಗೆ ಹೋಗಿ, ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದರು. "ಗೋಡೆಯನ್ನಾದ್ರೂ ಎತ್ತರ ಮಾಡಿಸ್ತಾರಾ ಕೇಳಬೇಕು," ಎಂದರು.

ಸಭೆಯಲ್ಲಿ ಅವರು ಅಷ್ಟನ್ನೇ ಕೇಳಿದರು. ತೀರ್ಮಾನ ಹೀಗಾಯಿತು: ಗೋಡೆ ಇನ್ನೂ ನಾಲ್ಕು ಅಡಿ ಎತ್ತರವಾಗುವುದು, ಕಸದ ಡಬ್ಬಿ ಗೋಡೆಯ ಬುಡದಿಂದ ಗೇಟಿಗೆ ಬರುವುದು, ಚಿರತೆ ಕಾಡಿನ ನಡುವೆ ಬಿಡುಗಡೆ, ಕೊರಳಿಗೊಂದು ರೇಡಿಯೋ ಪಟ್ಟಿ. ನನ್ನ ಮುಕ್ಕಾಲು ಪುಟವನ್ನು ಅಧಿಕಾರಿ ಎರಡು ಸಲ ಓದಿದರು. ತಪ್ಪು ಎಂಬ ಮಾತಿರುವ ಸರಕಾರಿ ಕಾಗದವನ್ನು ತಾನು ನೋಡಿದ್ದು ಇದೇ ಮೊದಲು ಎಂದರು.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಕಾಡಿನೊಳಗೆ ಜೀಪು ನಿಂತಿತು. ಮುಕ್ತಾರ ಬೋನಿನ ಮೇಲೆ ಹತ್ತಿ ಹಿಂದಿನ ಬಾಗಿಲನ್ನು ಹಗ್ಗದಿಂದ ಎಳೆದ. ನಾವೆಲ್ಲ ಜೀಪಿನೊಳಗೆ ಗಾಜಿನ ಹಿಂದೆ ಕುಳಿತು ನೋಡಿದೆವು.

ಚಿರತೆ ಹೊರಗೆ ಬರಲಿಲ್ಲ. ಬಾಗಿಲನ್ನು ನೋಡಿತು. ಆಕಳಿಸಿತು. ಮುಂಗಾಲಿನ ಮೇಲೆ ಗಲ್ಲ ಇಟ್ಟು ಮಲಗಿತು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮೇಲಿನಿಂದ ಮುಕ್ತಾರನ ಸಣ್ಣ ದನಿ ಕೇಳಿಸಿತು.

"ಏಳಪಾ. ನನ್ನ ಮರ್ಯಾದಿ ಕಳೀಬ್ಯಾಡ. ಬಾಗಿಲ ಐತಿ, ನೋಡಲ್ಲಿ. ಇಷ್ಟ ಮಂದಿ ಸಾಹೇಬ್ರ ಸಹಿ ಮಾಡ್ಯಾರ ನಿನ್ನ ಬಿಡಾಕ. ಮೇಡಂ ಎರಡೆರಡ ಸಲ ಬರದಾರ. ಮಗನ, ಸೀದಾ ಹೋಗ, ತಿರಗಬ್ಯಾಡ."

ಅದು ಎದ್ದಿತು. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಮೈಮುರಿಯಿತು. ಅವಸರವಿಲ್ಲದೆ ಹೊರಗೆ ನಡೆದು, ಒಮ್ಮೆ ನೆಲವನ್ನು ಮೂಸಿ, ಬಿದಿರಿನೊಳಗೆ ಹೋಯಿತು. ತಿರುಗಿ ನೋಡಲಿಲ್ಲ. ನನ್ನ ಕೆನ್ನೆ ಗಾಜಿಗೆ ಒತ್ತಿಕೊಂಡಿತ್ತು. ಗಾಜು ತಣ್ಣಗಿದೆ ಎಂದು ಅನ್ನಿಸಿತು. ಬಹಳ ದಿನಗಳ ನಂತರ ಹಾಗೆ ಏನೋ ಒಂದು ಅನ್ನಿಸಿದ್ದು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. "ಹೋದನಾ?"

"ಹೋದ."

"ಇನ್ನು ಅವನಿಗೊಂದು ಹೆಣ್ಣು ಸಿಗ್ಲಿ." ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. "ಇದು ಮಾಟುಂಗದ ಶೀಲಾವತಿ ಕೊಟ್ಟದ್ದು. ಹುಡುಗ ಬ್ಯಾಂಕಿನಲ್ಲಿ. ಬರಿ ಬೇರೆ ಉಂಟು, ನೋಡಿದೆ. ಆದ್ರೆ ಈ ಸಲ ಅಪ್ಪನ ಕಡೆಯೂ ವಿಚಾರಿಸ್ತೇನೆ. ಬೇಗ ಬೇಡ."

"ಬೇಗ ಬೇಡ ಮಾಮಿ," ಎಂದೆ. ಚೀಟಿ ಓದಿದೆ. ಅದುವರೆಗೆ ಬಂದ ಚೀಟಿಗಳಲ್ಲಿ ನಾನು ಓದಿದ್ದು ಅದೊಂದೇ. ಅಕ್ಷರ ಚೆನ್ನಾಗಿರಲಿಲ್ಲ. ಗ್ಯಾಸ್ ಪುಸ್ತಕದೊಳಗೆ ಇಟ್ಟೆ.

ಪರ್ಮನೆಂಟ್ ಬೋನಿಗೆಂದು ಸಭೆಗೂ ಮೊದಲೇ ಬಂದಿಳಿದಿದ್ದ ಕಬ್ಬಿಣ ಮುಕ್ತಾರನ ಶಾಪಿನಲ್ಲಿ ಬಿದ್ದಿತ್ತು. ಮುಂದಿನ ವಾರ ಧನರಾಜ್ ಅದನ್ನೇ ಕೊಂಡು, ತಮ್ಮ ಮೊದಲ ಮಾಳಿಗೆಯ ಬಾಲ್ಕನಿಗೆ ನೆಲದಿಂದ ಸೂರಿನವರೆಗೆ ಗ್ರಿಲ್ ಹಾಕಿಸಿದರು. ಕೆಲಸ ನೋಡಲು ಬಿಲ್ಡಿಂಗಿನ ಅರ್ಧ ಜನ ಕೆಳಗೆ ನಿಂತಿದ್ದರು. ಧನರಾಜ್ ಒಳಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಮುಕ್ತಾರ ಕೊನೆಯ ಸರಳನ್ನು ವೆಲ್ಡ್ ಮಾಡುವ ಮೊದಲು ಕಪ್ಪು ಗಾಜಿನ ಮುಖವಾಡ ಮೇಲೆತ್ತಿ, ಬಹಳ ಗೌರವದಿಂದ ಕೇಳಿದ:

"ಸಾಹೇಬ್ರ, ಹಿಂದ ಒಂದ ಬಾಗಿಲ ಇಡಲೇನ್ರಿ?"